ಪರೀಕ್ಷೆ ಮುಗಿಯಲಿ

ಗೋಕಾಕ, ೧೪ ಜೂನ್ ೧೯೩೮

ದಿನಚರಿ ಬರೆಯಬೇಕೆಂಬುದು ಅಣ್ಣಪ್ಪನವರ ಅಪ್ಪಣೆ. ಇದೇ ಓಣಿಯವರು, ನನ್ನ ಓದಿಗೆ ಗುರು. ಶಿರಸ್ತೇದಾರರಾಗಿ ನಿವೃತ್ತರಾದ ಇವರು ಜೀವಮಾನವೆಲ್ಲ ತಾಲೂಕಿನ ಅಧಿಕಾರಿಗಳಾದ ಮಾಮಲೇದಾರರ ಎದುರು ಕೈಕಟ್ಟಿ ನಿಂತವರು. ಈಗ ನನ್ನನ್ನು ಮಾಮಲೇದಾರನನ್ನಾಗಿ ಮಾಡಿ ಆ ಸೇಡು ತೀರಿಸಿಕೊಳ್ಳಲು ಹೊರಟಂತಿದೆ. "ದಿನಾ ನಾಕ ಸಾಲ ಇಂಗ್ಲಿಷಿನ್ಯಾಗ ಬರಿಯಪಾ, ಕೈ ಪಳಗತೈತಿ" ಎಂದರು. ಹಗಲೆಲ್ಲ ಇಂಗ್ಲಿಷು ಅರೆದವನಿಗೆ ಸಂಜೆಯೂ ಅದನ್ನೇ ಅರೆಯುವ ಹುಮ್ಮಸ್ಸು ಎಲ್ಲಿಂದ ಬರಬೇಕು? ಕನ್ನಡದಲ್ಲೇ ಬರೆಯುತ್ತೇನೆ. ಅವರೇನು ಬಂದು ನೋಡುವುದಿಲ್ಲ.

ಪರೀಕ್ಷೆ ಡಿಸೆಂಬರಿನಲ್ಲಿ, ಪುಣೆಯಲ್ಲಿ. ಇಡೀ ಮುಂಬಯಿ ಪ್ರಾಂತದ ಬಿ.ಎ.ಗಳೆಲ್ಲ ಬೆರಳೆಣಿಕೆಯ ಜಾಗಗಳಿಗೆ ಮುಗಿಬೀಳುತ್ತಾರೆ. ವಯಸ್ಸಿನ ಮಿತಿಯಿಂದಾಗಿ ನನಗೆ ಇದೇ ಮೊದಲು, ಇದೇ ಕೊನೆ. ತಪ್ಪಿದರೆ ನಮ್ಮೂರು ಮಸಗುಪ್ಪಿಗೆ ಹೋಗಿ ಎತ್ತಿನ ಬಾಲ ಹಿಡಿಯಬೇಕು, ಇಲ್ಲವೇ ಯಾವುದೋ ಸಾಲೆಯಲ್ಲಿ ಮಕ್ಕಳ ಕಿವಿ ಹಿಂಡುತ್ತ ಮುದುಕನಾಗಬೇಕು. ಎರಡೂ ನನಗೆ ಬೇಡ.

ಓದಲೆಂದೇ ಇಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದೇನೆ. ಅಡಿಗೆಗೆ ಅಕ್ಕ ಬಂದಿದ್ದಾಳೆ. ಶಿವಗಂಗವ್ವ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ಮದುವೆಯಾಗಿ ಎರಡು ಯುಗಾದಿ ಕಾಣುವುದರೊಳಗೆ ಗಂಡ ಜ್ವರದಲ್ಲಿ ಹೋದ. ಅಂದಿನಿಂದ ತವರಿನಲ್ಲಿದ್ದಾಳೆ. ಅಪ್ಪ ಅವ್ವ ಇಲ್ಲ. ಅವಳಿಗೆ ನಾನು, ನನಗೆ ಅವಳು.

೨೮ ಜೂನ್

ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದದ ಪತ್ರಿಕೆಯೊಂದಿದೆ. ಅದಕ್ಕೆ ಒಂದು ಉಪಾಯ ಹುಡುಕಿದ್ದೇನೆ. ಇಂಗ್ಲಿಷಿನಲ್ಲಿ ಬರೆದ ಪ್ರಬಂಧವನ್ನು ಸಂಜೆ ಅಕ್ಕನ ಮುಂದೆ ಹಿಡಿದು, ನೋಡುತ್ತ ನೋಡುತ್ತ ಕನ್ನಡದಲ್ಲಿ ಹೇಳುತ್ತ ಹೋಗುವುದು. ಅವಳು ಜೋಳ ಹಸನು ಮಾಡುತ್ತ ಕೇಳುತ್ತಾಳೆ. ಇಂದಿನದು ನೀರಾವರಿ. ಮುಗಿಯುವವರೆಗೆ ಕೇಳಿ, "ನೀರ ಬಂದ್ರ ಬೆಳಿ ಬರ್ತಾವ ಅನ್ನಾಕ ಇಷ್ಟ ಸುತ್ತ ಹೊಡೀಬೇಕೇನೋ ತಮ್ಮಾ?" ಎಂದಳು. ಸಿಟ್ಟು ಬಂತು. ಆಮೇಲೆ ನಾನೇ ನಕ್ಕೆ. ಮೂರು ಸಾಲು ಹೊಡೆದುಹಾಕಿದೆ.

ನಸುಕಿನಲ್ಲಿ ಬೀಸುವಾಗ ಹಾಡುತ್ತಾಳೆ. ಕಂದಾಯ ಕಾಯಿದೆಯ ಕಲಮುಗಳು ಹಾಡಿನ ಧಾಟಿಯಲ್ಲಿ ತಲೆಯೊಳಗೆ ಕೂರುತ್ತಿವೆ. ಸಣ್ಣ ದನಿಯಲ್ಲಿ ಹಾಡು ಎಂದು ಹೇಳಬೇಕು.

೧೧ ಜುಲೈ

ಮೇಲವಂಕಿಯಿಂದ ಸೋದರಮಾವ ಸೋಮಪ್ಪ ಬಂದಿದ್ದ. ಬರುವಾಗಲೇ ಅವನ ಮೋರೆಯ ಮೇಲೆ ಏನೋ ಇತ್ತು. ಉಂಡು, ಕೈತೊಳೆದು, ತಂಬಾಕು ತಿಕ್ಕುತ್ತ ಬಾಯಿ ಬಿಟ್ಟ.

"ಹುಕ್ಕೇರಿ ವೀರಪ್ಪ ಅಂತ. ಕಿರಾಣಿ ಅಂಗಡಿ ಐತಿ. ಹೇಣ್ತಿ ತೀರಿಕೊಂಡಾಳ, ಮಕ್ಕಳಿಲ್ಲ. ನಮ್ಮ ಮನಿ ಮದಿವ್ಯಾಗ ನಿಮ್ಮಕ್ಕನ್ನ ನೋಡ್ಯಾನ. ಉಡಿಕಿ ಮಾಡಿಕೋತೀನಿ ಅಂತಾನ."

ಉಡಿಕಿ ಎಂದರೆ ವಿಧವೆಗೆ ಎರಡನೆಯ ಸಲ ಸೀರೆ ಉಡಿಸಿ ಕೂಡಿಸುವುದು. ನಮ್ಮಲ್ಲಿ ಮುತ್ತಜ್ಜನ ಕಾಲದಿಂದ ಇದೆ. ಹೊತ್ತು ಮುಳುಗಿದ ಮೇಲೆ, ವಾದ್ಯವಿಲ್ಲದೆ, ಮುತ್ತೈದೆಯರ ಕಣ್ಣಿಗೆ ಬೀಳದ ಹಾಗೆ ಮುಗಿಸುತ್ತಾರೆ. ಆದರೆ ತವರಿನ ಗಂಡಸು ತನ್ನ ಕೈಯಾರೆ ಎಲೆ ಅಡಿಕೆ ಕೊಡದೆ ಯಾವ ಉಡಿಕಿಯೂ ಆಗುವುದಿಲ್ಲ. ನಮ್ಮ ಮನೆಯಲ್ಲಿ ಆ ಗಂಡಸು ನಾನು.

"ಅಕ್ಕನ್ನ ಕೇಳಿದೇನು?" ಎಂದೆ.

"ಕೇಳೇನಿ. ತಮ್ಮ ಹೂಂ ಅಂದ್ರ ನಂದೂ ಹೂಂ ಅಂದ್ಲು. ನೀ ಎಲಿ ಅಡಿಕಿ ಕೊಡು, ಮುಂದಿಂದು ನನಗ ಬಿಡು."

ಅಕ್ಕ ಬಾಗಿಲ ಹಿಂದೆ ನಿಂತಿದ್ದಳು. ಅವಳ ಕಾಲ ಬೆರಳು ಕಾಣುತ್ತಿತ್ತು. ನಾನು ಇಲ್ಲ ಎನ್ನಲಿಲ್ಲ. "ಪರೀಕ್ಷೆ ಮುಗಿಯಲಿ ಮಾವಾ" ಎಂದೆ. ತಪ್ಪೇನು ಹೇಳಿದೆ? ಈಗ ಅವಳು ಹುಕ್ಕೇರಿಗೆ ಹೊರಟರೆ ನಾನು ಒಲೆಯ ಮುಂದೆ ಕೂತು ಕಾಯಿದೆ ಓದಬೇಕಾಗುತ್ತದೆ.

೧೩ ಜುಲೈ

ಅಣ್ಣಪ್ಪನವರಿಗೆ ವಿಷಯ ಹೇಳಿದೆ. ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು.

"ಮಾಮಲೇದಾರನ ಅಕ್ಕ ಉಡಿಕಿ ಆದಾಕಿ ಅಂದ್ರ ಕಚೇರ್ಯಾಗ ಕಾರಕೂನರ ಬಾಯಿ ಹೆಂಗ ಮುಚ್ಚಸ್ತಿ? ನಾಳೆ ನಿನಗ ದೊಡ್ಡ ಮನಿ ಹೆಣ್ಣ ಕೊಡೂವ್ರು ಇದನ್ನ ಕೇಳೂದಿಲ್ಲೇನು? ಓದಿದವರ ಮನ್ಯಾಗ ಇದನ್ನೆಲ್ಲಾ ಬಿಟ್ಟಾರಪಾ."

ತತ್ವಕ್ಕೆ ನಾನು ಉಡಿಕಿಯ ಪರವೇ. ಆದರೆ ತತ್ವ ಬೇರೆ, ಹೊತ್ತುಗೊತ್ತು ಬೇರೆ. ಇದನ್ನು ಅಕ್ಕನಿಗೆ ಹೇಳಿ ತಿಳಿಸುವುದು ಕಷ್ಟ. ಹೇಳಲಿಲ್ಲ.

೨ ಆಗಸ್ಟ್

ನಿನ್ನೆ ಪಂಚಮಿ. ಓಣಿಯ ಹೆಂಗಸರೆಲ್ಲ ಜೋಕಾಲಿ ಕಟ್ಟಿ ಕೂಗಾಡಿದ್ದಕ್ಕೆ ಒಂದು ಪುಟವೂ ಓದಲಾಗಲಿಲ್ಲ.

ಇಂದಿನದು ಒಳ್ಳೆಯ ದಿನ. ಸಮಾಜ ಸುಧಾರಣೆಯ ಮೇಲೆ ಪ್ರಶ್ನೆ ಬಂದೇ ಬರುತ್ತದೆ, ಬರೆದಿಟ್ಟುಕೋ ಎಂದು ಅಣ್ಣಪ್ಪನವರು ಹೇಳಿದ್ದರು. ವಿಧವೆಯರ ಮರುಮದುವೆಯನ್ನೇ ಆರಿಸಿಕೊಂಡೆ. ಪೆನ್ನು ತಾನೇ ಓಡಿತು. ಸಂಜೆ ಅಕ್ಕನಿಗೆ ಕನ್ನಡದಲ್ಲಿ ಹೇಳಿದೆ. "ಇಪ್ಪತ್ತರ ಹೆಣ್ಣುಮಗಳನ್ನು ಮೂಲೆಯಲ್ಲಿ ಕೂಡಿಸಿ, ಅವಳ ದುಡಿತವನ್ನು ಮಾತ್ರ ಹೊರಗೆ ತೆಗೆದುಕೊಳ್ಳುವ ಮನೆ ಮನೆಯಲ್ಲ. ಅವಳಿಗೂ ತನ್ನದೆನ್ನುವ ಒಲೆ ಬೇಕು, ತನ್ನದೆನ್ನುವ ಬಾಗಿಲು ಬೇಕು. ಇದನ್ನು ಅವಳು ಬೇಡಿ ಪಡೆಯುವಂತಾಗಬಾರದು, ಅವಳ ಅಣ್ಣತಮ್ಮಂದಿರು ತಾವಾಗಿ ಎದ್ದು ಮಾಡಿಕೊಡಬೇಕು."

ಅಕ್ಕನ ಕೈ ಮೊರದಲ್ಲೇ ನಿಂತಿತು.

"ಖರೇನ ಹಂಗ ಅನಸ್ತೈತೇನು ನಿನಗ?"

"ಅನಸ್ದ ಬರೀತಾರೇನು?" ಎಂದೆ.

ಅವಳು ಸೆರಗಿನಿಂದ ಮುಖ ಒರಸಿಕೊಂಡು ಎದ್ದು ಹೋದಳು. ಊಟಕ್ಕೆ ರೊಟ್ಟಿಯ ಮೇಲೆ ಬೆಣ್ಣೆ ಇತ್ತು. ಪ್ರಬಂಧ ಮನಸ್ಸಿಗೆ ನಾಟಿದೆ ಎಂದಾಯಿತು. ಅಣ್ಣಪ್ಪನವರೂ ಹೊಗಳಿದರು. "ಹಿಂಗ ಬರದ್ರ ಮಾರ್ಕು ಬೀಳ್ತಾವು ನೋಡು" ಎಂದರು.

೯ ಆಗಸ್ಟ್

ಅಕ್ಕ ಪೇಟೆಗೆ ಹೋದವಳು ಬಹಳ ಹೊತ್ತು ಬರಲಿಲ್ಲ. ಹಸಿದು ಕೂತಿದ್ದೆ. ಬಂದು, ಕಾಗದ ಸುತ್ತಿದ ಒಂದು ಗಂಟನ್ನು ಗೋಡೆಯ ಮಾಡದಲ್ಲಿ ನನ್ನ ಪುಸ್ತಕಗಳ ಪಕ್ಕ ಇಟ್ಟಳು. ಅದು ಪುಸ್ತಕದ ಜಾಗ, ಹೆಂಗಸರ ಸಾಮಾನು ಅಲ್ಲಿ ಬೇಡ ಎಂದು ಗದರಿದೆ. ನಗುತ್ತಲೇ ತೆಗೆದು ತನ್ನ ಪೆಟ್ಟಿಗೆಯಲ್ಲಿ ಹಾಕಿಕೊಂಡಳು. ಬೀಸುವ ಹಾಡು ಮತ್ತೆ ಜೋರಾಗಿದೆ.

೧೬ ಆಗಸ್ಟ್

ಇಂದು ನಡೆದದ್ದನ್ನು ನೆನೆದರೆ ಮೈ ಉರಿಯುತ್ತದೆ.

ಮಧ್ಯಾಹ್ನ ಇತಿಹಾಸ ಹಿಡಿದು ಕೂತಿದ್ದೆ. ಬಾಗಿಲಲ್ಲಿ ಸೋಮಪ್ಪ ಮಾವ, ಹಿಂದೆ ಹುಕ್ಕೇರಿಯ ಇಬ್ಬರು ಹಿರಿಯರು, ಅವರ ಹಿಂದೆ ಹೊಸ ರುಮಾಲಿನ ಒಬ್ಬ ಮನುಷ್ಯ. ಅವನೇ ವೀರಪ್ಪ. ತೆಳ್ಳನೆಯ ಆಳು. ಅಂಗಡಿಯವನಾಗಿಯೂ ಮಾತು ಕಡಿಮೆ. ಕೂಡ್ರಿ ಎಂದರೂ ಗೋಡೆಗೆ ಒತ್ತಿಕೊಂಡೇ ಕೂತ. ಮಾವ ಚೀಲದಿಂದ ಎಲೆ, ಅಡಿಕೆ, ಕೊಬ್ಬರಿ ತೆಗೆದು ನನ್ನ ಮುಂದಿಟ್ಟ.

"ಏನಿದು?" ಎಂದೆ.

"ನೀನ ಒಪ್ಪೀ ಅಂತ ಆಕಿ ಹೇಳಿ ಕಳಿಸಿದ್ಲಲ್ಲ! ತಮ್ಮ ತಾನಾಗಿ ಓದಿ ಹೇಳಿದಾ, ಅಣ್ಣತಮ್ಮಂದಿರು ಎದ್ದು ಮಾಡಿಕೊಡಬೇಕು ಅಂದಾ ಅಂತ."

ನನಗೆ ಒಂದು ಕ್ಷಣ ಹೊಳೆಯಲೇ ಇಲ್ಲ. ಹೊಳೆದ ಮೇಲೆ ನಗುವೋ ಸಿಟ್ಟೋ ತಿಳಿಯದ ಹಾಗಾಯಿತು.

"ಅದು ಪರೀಕ್ಷೆಗೆ ಬರದದ್ದು ಮಾವಾ! ಪ್ರಬಂಧ! ಅದರ ಹಿಂದ ನೀರಾವರಿ ಬರದಿದ್ನಿ, ಹಂಗಂತ ಕಾಲುವಿ ತೋಡಾಕ ಹೊಂಟ್ನೇನು?"

ಹಿರಿಯರಲ್ಲಿ ಒಬ್ಬ ಕೆಮ್ಮಿದ. ಅಕ್ಕ ಒಳಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದಳು. ಅವಳು ನಿಂತದ್ದನ್ನು ನಾನು ನೋಡಿರಲಿಲ್ಲ. ತಾಟು ಕೆಳಗಿಟ್ಟು, "ಪರೀಕ್ಷಾಕ್ಕ ಬರದದ್ದಂತ ನನಗ ತಿಳೀಲಿಲ್ಲೋ" ಎಂದಷ್ಟೇ ಹೇಳಿ ಒಳಗೆ ಹೋದಳು.

ವೀರಪ್ಪ ಆಗ ಮೊದಲ ಸಲ ಬಾಯಿ ಬಿಟ್ಟ. "ನಾ ಕಾಯ್ತೀನ್ರಿ. ಗಡಿಬಿಡಿ ಏನಿಲ್ಲ. ನಿಮ್ಮ ಪರೀಕ್ಷಾ ಮುಗೀಲಿ." ತಂದದ್ದನ್ನು ಹಿಂದಕ್ಕೆ ಒಯ್ಯಬಾರದೆಂದು ಅಲ್ಲೇ ಬಿಟ್ಟು ಹೋದರು. ಅಕ್ಕ ಎಲೆಗಳನ್ನು ಹಸಿಬಟ್ಟೆಯಲ್ಲಿ ಸುತ್ತಿ ನೀರಿನ ಕೊಡದ ಬದಿಗೆ ಇಟ್ಟಿದ್ದಾಳೆ. ಪೂರಾ ಒಂದು ಮಧ್ಯಾಹ್ನ ಹಾಳಾಯಿತು.

೩೦ ಆಗಸ್ಟ್

ಅಕ್ಕ ಬೀಸುವಾಗ ಹಾಡುವುದಿಲ್ಲ. ಮನೆ ಶಾಂತವಾಗಿದೆ. ಕಂದಾಯ ಕಾಯಿದೆ ಮತ್ತೊಂದು ಸಲ ಮುಗಿಯಿತು.

೧೭ ಅಕ್ಟೋಬರ್

ಚಳಿಜ್ವರ. ವಾರವಾಯಿತು. ಇಂದು ಎದ್ದು ಕೂತಿದ್ದೇನೆ. ಜ್ವರದಲ್ಲಿ ಅಕ್ಕನ ಕೈಹಿಡಿದು, "ಎಲಿ ಅಡಿಕಿ ನಾನ ಕೊಡ್ತೀನಿ, ನನ್ನ ಬಿಟ್ಟ ಹೋಗಬ್ಯಾಡ" ಎಂದೆನಂತೆ. ಎರಡೂ ಒಂದೇ ಉಸಿರಿನಲ್ಲಿ. ಅಕ್ಕ ಇದನ್ನು ಹೇಳುವಾಗ ನಕ್ಕಳು. ನಗುವಂಥದ್ದು ನನಗೇನೂ ಕಾಣಲಿಲ್ಲ.

ಹಣೆಗೆ ಹಾಕುತ್ತಿದ್ದ ಹಸಿಬಟ್ಟೆ ಎಲೆ ಸುತ್ತಿದ್ದ ಬಟ್ಟೆಯೇ. ಎಲೆ ಕೊಳೆತವೇನು ಎಂದು ಕೇಳಿದೆ. "ಎಷ್ಟ ದಿನ ಇರ್ತಾವು?" ಎಂದಳು.

ಓದು ಹಿಂದೆ ಬಿದ್ದಿದೆ. ಅಳು ಬರುವಷ್ಟು ಹಿಂದೆ ಬಿದ್ದಿದೆ. ಹೆದರಿಕೆಯಾಗುತ್ತದೆ.

ಪುಣೆ, ೭ ಡಿಸೆಂಬರ್

ಬಂತು! ಬಂದೇ ಬಂತು! "ಸುಧಾರಣೆ ಮನೆಯಿಂದ ಆರಂಭವಾಗಬೇಕು, ಚರ್ಚಿಸಿರಿ." ಅಕ್ಷರಕ್ಕೆ ಅಕ್ಷರ ಪಂಚಮಿಯ ಪ್ರಬಂಧವನ್ನೇ ಇಳಿಸಿದೆ. ಒಲೆ, ಬಾಗಿಲು ಎಲ್ಲ ಬಂತು. ಬರೆಯುವಾಗ ನನಗೇ ಕಣ್ಣು ತೇವವಾಯಿತು. ಪಕ್ಕದಲ್ಲಿ ಕೂತಿದ್ದ ಕೋಟು ಬೂಟಿನವನೊಬ್ಬ ಪೆನ್ಸಿಲು ಕಚ್ಚುತ್ತ ಛಾವಣಿ ನೋಡುತ್ತಿದ್ದ. ಒಬ್ಬ ಕಡಿಮೆಯಾದ ಎಂದುಕೊಂಡೆ.

ಗೋಕಾಕ, ೪ ಜನವರಿ ೧೯೩೯

ಮಾವ ಬಂದಿದ್ದ. ಪರೀಕ್ಷೆ ಮುಗಿಯಿತಲ್ಲ ಎಂದ. ಬರೆದರೆ ಮುಗಿಯಿತೇ? ಫಲಿತಾಂಶ ಬರಲಿ ಎಂದೆ. ಅಕ್ಕ ಏನೂ ಕೇಳಲಿಲ್ಲ. ಅವಳಿಗೆ ತಿಳಿವಳಿಕೆ ಬಂದಿದೆ.

೧೪ ಮಾರ್ಚ್

ಲಿಖಿತ ಪರೀಕ್ಷೆಯಲ್ಲಿ ಪಾಸು. ಏಪ್ರಿಲ್ ಕೊನೆಗೆ ಮುಂಬಯಿಯಲ್ಲಿ ಮುಲಾಖತ್ತು, ಸಾಹೇಬರ ಎದುರು ಕೂತು ಉತ್ತರ ಹೇಳುವುದು. ಅಣ್ಣಪ್ಪನವರು ಕರದಂಟು ತರಿಸಿ ಓಣಿಗೆಲ್ಲ ಹಂಚಿದರು. ಇದುವರೆಗೆ "ಏನೋ ಬಸವಣ್ಣೆಪ್ಪಾ" ಎನ್ನುತ್ತಿದ್ದವರು ಇಂದು "ಬರ್ರಿ" ಎಂದರು. ಆ ಒಂದು "ರಿ" ಎಷ್ಟು ಹಿತವಾಗಿತ್ತು!

ಮಾವನೂ ಬಂದ. ವೀರಪ್ಪನ ತಾಯಿ ಹಾಸಿಗೆ ಹಿಡಿದಿದ್ದಾಳಂತೆ. "ಮನ್ಯಾಗ ಹೆಣ್ಣದಿಕ್ಕಿಲ್ಲ. ಯುಗಾದಿ ದಾಟಿದ್ರ ಅವರ ಮಂದಿ ಕೇಳೂದಿಲ್ಲ. ಈಗರ ಹೂಂ ಅನ್ನು" ಎಂದ. ಇಷ್ಟು ದೂರ ಬಂದವನು ದಡದಲ್ಲಿ ಕಾಲು ಜಾರಿಸಿಕೊಳ್ಳಲೇ? ಮುಲಾಖತ್ತು ಒಂದು ಆಗಿಬಿಡಲಿ ಎಂದೆ. ಮಾವ ಎದ್ದು ಚಪ್ಪಲಿ ಮೆಟ್ಟುತ್ತ, "ನಿನ್ನ ಪರೀಕ್ಷಾ ಸಾಯೂತನಾ ಮುಗಿಯೂದಿಲ್ಲ ನೋಡು" ಎಂದು ಹೋದ. ಒಕ್ಕಲುತನದವರಿಗೆ ಮಾತಿನ ಹದ ಗೊತ್ತಿಲ್ಲ.

ಮುಂಬಯಿ, ೨೭ ಏಪ್ರಿಲ್

ಐದು ಜನ ಕೂತಿದ್ದರು. ನಡುವೆ ಕೂತ ಇಂಗ್ಲಿಷ್ ಸಾಹೇಬರು ನಿಮ್ಮ ಸಮಾಜದ ಯಾವ ರೂಢಿಯ ಬಗ್ಗೆ ನಿಮಗೆ ಹೆಮ್ಮೆ ಎಂದು ಕೇಳಿದರು. ಉಡಿಕಿ ಎಂದೆ. ವಿಧವೆಗೆ ನಮ್ಮಲ್ಲಿ ಬಾಗಿಲು ಮುಚ್ಚಿಲ್ಲ ಎಂದು ವಿವರಿಸಿದೆ. ಅವರು ಕನ್ನಡಕ ತೆಗೆದು, "ಓದಿದವರೇ ಅದನ್ನು ಬಿಡುತ್ತಿದ್ದಾರೆಂದು ಕೇಳಿದ್ದೇನೆ. ನಿಮ್ಮ ಮನೆಯಲ್ಲಿ ಪ್ರಸಂಗ ಬಂದರೆ?" ಎಂದರು.

"ಬಂದಿತ್ತು ಸರ್. ನನ್ನ ಸ್ವಂತ ಅಕ್ಕನ ಉಡಿಕಿಗೆ ನಾನೇ ಎಲೆ ಅಡಿಕೆ ಕೊಟ್ಟಿದ್ದೇನೆ."

ಮಾತು ತಾನಾಗಿ ಬಂತು. ಐವರೂ ತಲೆ ಎತ್ತಿ ನನ್ನನ್ನು ನೋಡಿದರು. ಸಾಹೇಬರು ಏನೋ ಬರೆದುಕೊಂಡರು.

ಇದು ಸುಳ್ಳೆಂದು ನನಗೆ ಅನಿಸುವುದಿಲ್ಲ. ಕೊಡುವವನೇ ಇದ್ದೆನಲ್ಲ. ಊರಿಗೆ ಹೋದೊಡನೆ ಕೊಡುತ್ತೇನೆ. ಒಂದೆರಡು ವಾರ ಹಿಂದುಮುಂದಾಯಿತು, ಅಷ್ಟೆ.

ಗೋಕಾಕ, ೨ ಮೇ

ಘಟಪ್ರಭಾ ಸ್ಟೇಷನ್ನಿನಲ್ಲಿ ಇಳಿದಾಗಲೇ ಎಲೆ ಅಡಿಕೆ ಕೊಂಡೆ. ಎಲೆ ಎಳೆಯವಿದ್ದವು. ಮನೆಗೆ ಬಂದು ಅಕ್ಕನ ಮುಂದಿಟ್ಟು, "ಮಾವಗ ಹೇಳಿ ಕಳಿಸು" ಎಂದೆ. ನನ್ನ ದನಿಯಲ್ಲಿ ಉಪಕಾರ ಮಾಡುವವನ ಗತ್ತು ಇದ್ದಿರಬೇಕು.

"ಹ್ವಾದ ಸ್ವಾಮಾರ ಅವರ ಉಡಿಕಿ ಆತು" ಎಂದಳು. "ಸಂಕೇಶ್ವರದಾಕಿನ್ನ ಮಾಡಿಕೊಂಡ್ರು. ಆಕಿಗೂ ಪಾಪ ಹಿಂದ ಮುಂದ ಯಾರೂ ಇಲ್ಲಂತ."

ಕಾಯುತ್ತೇನೆ ಎಂದವನು ಕಾಯಲಿಲ್ಲವಲ್ಲ ಎಂದು ಅವನನ್ನೇ ಬೈದೆ. ಅಕ್ಕ ರೊಟ್ಟಿ ಬಡಿಯುತ್ತಲೇ ಇದ್ದಳು. "ಕಾದಾರ. ನೀ ಹಂಗ ಅನಬ್ಯಾಡ" ಎಂದಳು. ಮುಂಬಯಿಯಲ್ಲಿ ಏನು ಕೇಳಿದರು ಎಂದಳು. ನೀರಾವರಿ ಕೇಳಿದರು ಎಂದೆ.

ಎಲೆಯನ್ನು ಅಣ್ಣಪ್ಪನವರಿಗೆ ಕೊಟ್ಟೆ.

೨೪ ಮೇ

ಆಯ್ಕೆಯಾಗಿದ್ದೇನೆ. ಎಷ್ಟು ಸಲ ಬರೆದರೂ ಸಾಲದು. ಆಯ್ಕೆಯಾಗಿದ್ದೇನೆ. ಚಾರಿತ್ರ್ಯದ ವಿಚಾರಣೆ, ಆ ಚೌಕಶಿಯೊಂದು ಆಗಿ ಬಂದರೆ ನೇಮಕದ ಹುಕುಮು ಕೈಗೆ ಬಂದಂತೆಯೇ.

೨೦ ಜೂನ್

ಚೌಕಶಿಗೆ ಸರ್ಕಲ್ ಇನ್ಸ್‌ಪೆಕ್ಟರ್ ಸಾಹೇಬರು ಬಂದಿದ್ದರು. ಅಥಣಿಯ ಕಡೆಯವರು, ಈ ತಾಲೂಕಿಗೆ ಹೊಸಬರು, ಮರ್ಯಾದಸ್ಥರು. ಹೊಲ ಮನೆ, ಸಾಲ ಸೋಲ, ಪೋಲೀಸ್ ಖಟ್ಲೆ ಎಲ್ಲ ಕೇಳಿ ಕಾಗದ ಮಡಿಚುವ ಹೊತ್ತಿಗೆ ನಕ್ಕು ಅಂದರು:

"ಮುಂಬಯಿಯವರು ನಿಮ್ಮನ್ನ ಭಾಳ ಹೊಗಳಿ ಬರದಾರ್ರಿ. ಅಕ್ಕನ ಉಡಿಕಿ ಮಾಡಿಸಿದಾಂವ ಅಂತ. ಅವರ ಯಜಮಾನರ ಹೆಸರ ಊರ ಒಂದ ಬರಕೊಂಡ ಹೋಗ್ತೀನಿ. ಅವರ ಎಲ್ಲಿರ್ತಾರ್ರಿ ಈಗ?"

ಬಂದಾಳ, ಇಲ್ಲೇ ಅದಾಳ, ಚಹಾ ಹೇಳ್ತೀನಿ ಎಂದು ಏನೇನೋ ತೊದಲಿ ಒಳಗೆ ಹೋದೆ. ಒಲೆಯ ಮುಂದೆ ಕೂತ ಅಕ್ಕನ ಕಿವಿಯಲ್ಲಿ ಎಲ್ಲ ಹೇಳಿದೆ. ಹೇಳಲು ಬಹಳ ಹೊತ್ತು ಬೇಕಾಗಲಿಲ್ಲ. ಅವಳು ನನ್ನ ಮುಖವನ್ನು ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಚೆನ್ನಾಗಿತ್ತು.

"ನೀ ಹೊರಗ ಹೋಗಿ ಕುಂದ್ರು. ಚಾ ತರ್ತೀನಿ."

ಚಹಾ ಬಂತು. ತಾಟು ಹಿಡಿದ ಕೈಗಳಲ್ಲಿ ಮೊಣಕೈವರೆಗೆ ಹಸಿರು ಬಳೆ. ಹಣೆಯಲ್ಲಿ ವಿಭೂತಿಯ ಕೆಳಗೆ ಕುಂಕುಮ. ತಲೆಯ ಮೇಲೆ ಸೆರಗು. ನಾನು ಬೇರೆ ಯಾರೋ ಎಂದುಕೊಂಡೆ.

"ಯಾವೂರಿಗೆ ಕೊಟ್ಟಾರ್ರಿ ನಿಮ್ಮನ್ನ?" ಎಂದು ಸಾಹೇಬರು ಕೇಳಿದರು.

"ಹುಕ್ಕೇರಿಗ್ರಿ. ಕಿರಾಣಿ ಅಂಗಡಿ ಐತ್ರಿ."

"ತವರಿಗೆ ಬಂದೀರೇನು?"

"ಹೌದ್ರಿ. ತಮ್ಮಗ ರೊಟ್ಟಿ ಮಾಡಿ ಹಾಕಾವ್ರ ಯಾರೂ ಇಲ್ಲಲ್ರಿ."

"ಯಜಮಾನರ ಹೆಸರು?"

ಅಕ್ಕ ತಲೆ ಬಗ್ಗಿಸಿದಳು. ನಮ್ಮ ಕಡೆಯ ಯಾವ ಹೆಂಡತಿ ಗಂಡನ ಹೆಸರನ್ನು ಬಾಯಲ್ಲಿ ಹೇಳುತ್ತಾಳೆ? ಸಾಹೇಬರು ನಕ್ಕು ಪೆನ್ನು ಹಿಡಿದು ನನ್ನ ಕಡೆ ತಿರುಗಿದರು. ಅಕ್ಕನೂ ನನ್ನ ಕಡೆ ತಿರುಗಿದಳು.

"ತಮ್ಮಾ, ನೀನ ಹೇಳು" ಎಂದಳು.

"ವೀರಪ್ಪ" ಎಂದೆ. ಸಾಹೇಬರಿಗೆ ಕೇಳಿಸಲಿಲ್ಲವಂತೆ. ಇನ್ನೊಂದು ಸಲ ಹೇಳಿದೆ. ಅವರು ಬರೆದುಕೊಂಡು, ಅಕ್ಕನಿಗೆ ಕೈಮುಗಿದು ಹೋದರು.

ಅವರು ಓಣಿ ದಾಟಿದ ಮೇಲೆ ಬಳೆ ಎಲ್ಲಿಂದ ಬಂದವು ಎಂದು ಕೇಳಿದೆ.

"ಪಂಚಮಿಗೆ ನೀ ಓದಿ ಹೇಳಿದೆಲ್ಲ, ಅದರ ಮುಂದಿನ ವಾರ ತಂದಿಟ್ಟಿದ್ನಿ" ಎಂದಳು. ಆಮೇಲೆ ಬೀಸುವ ಕಲ್ಲಿನ ಮುಂದೆ ಕೂತು, ಒಂದು ಕೈ ಆದ ಮೇಲೆ ಇನ್ನೊಂದು ಕೈಯನ್ನು ಕಲ್ಲಿನ ಅಂಚಿಗೆ ಬಡಿದು ಬಳೆಗಳನ್ನೆಲ್ಲ ಒಡೆದಳು. ಭಾವ ಸತ್ತ ದಿನ ಬೇರೆ ಹೆಂಗಸರು ಒಡೆದಿದ್ದರು. ಇಂದು ತಾನೇ ಒಡೆದುಕೊಂಡಳು. ನನ್ನಿಂದ ನೋಡಲಾಗಲಿಲ್ಲ. ಚೂರು ಚೆನ್ನಾಗಿ ಗುಡಿಸು, ಬರಿಗಾಲಲ್ಲಿ ಓಡಾಡುತ್ತೇವೆ ಎಂದು ಹೇಳಿ ಅಣ್ಣಪ್ಪನವರ ಮನೆಗೆ ಹೋದೆ. ಚೌಕಶಿ ಸುಸೂತ್ರ ಆಯಿತೆಂದು ಅವರಿಗೆ ಬಹಳ ಸಂತೋಷ.

೧೧ ಜುಲೈ

ಹುಕುಮು ಬಂದಿದೆ. ದೂರದ ಧುಳೆಯ ಕಡೆ ಮೊದಲ ನೇಮಕ. ಅಕ್ಕನಿಗೆ ಗಂಟು ಕಟ್ಟು ಎಂದೆ. ಕಟ್ಟಿದಳು. ಎಲ್ಲ ನನ್ನದೇ. ಅವಳದು ಯಾವುದೂ ಅದರಲ್ಲಿ ಇರಲಿಲ್ಲ.

"ಅಲ್ಲಿ ನನಗ ಅಡಿಗಿ ಯಾರ ಮಾಡ್ತಾರ?" ಎಂದೆ.

"ಸಾಹೇಬರಿಗೆ ಆಳ ಸಿಗ್ತಾವಲ್ಲೋ" ಎಂದಳು. ಅಣಕಿಸಿದ ದನಿಯಲ್ಲ. ಸುಮ್ಮನೆ ಹೇಳಿದಳು.

೧೩ ಜುಲೈ

ನಿನ್ನೆ ನಸುಕಿನಲ್ಲೇ ಚಕ್ಕಡಿ ಹಿಡಿದು ಅಕ್ಕ ಮಸಗುಪ್ಪಿಗೆ ಹೋದಳು. ಬೇಡವೆಂದರೂ ಕೇಳಲಿಲ್ಲ. ಡಬ್ಬಿಯಲ್ಲಿ ಕಟಕ ರೊಟ್ಟಿ, ಶೇಂಗಾ ಹಿಂಡಿ ಮಾಡಿಟ್ಟಿದ್ದಾಳೆ. ನನ್ನ ರೈಲು ನಾಳೆ.

ಬೀಸುವ ಕಲ್ಲನ್ನು ಮನೆಯ ಮಾಲಕನಿಗೆ ಕೊಡಬೇಕೆಂದು ಇಂದು ಸರಿಸಿದೆ. ಅದರ ಸಂದಿಯಲ್ಲಿ ಉಳಿದ ಬಳೆಯ ಚೂರೊಂದು ಅಂಗಾಲಿಗೆ ಹೊಕ್ಕಿತು. ಸಣ್ಣದು, ಹಸಿರು. ಬಾಗಿಲ ಬೆಳಕಿಗೆ ಕಾಲು ಹಿಡಿದು ಎಷ್ಟು ಹೊತ್ತು ಕೂತರೂ ಕೈಗೆ ಸಿಗಲಿಲ್ಲ. ಚಿಕ್ಕಂದಿನಲ್ಲಿ ಮುಳ್ಳು ಚುಚ್ಚಿದರೆ ಪಿನ್ನು ಕಾಯಿಸಿ ನೋವಾಗದ ಹಾಗೆ ತೆಗೆಯುತ್ತಿದ್ದವಳು ಅಕ್ಕ. "ಅಕ್ಕಾ" ಎಂದು ಕೂಗಿಯೂ ಬಿಟ್ಟೆ.

ಪಕ್ಕದ ಮನೆಯವರು ಬಂದು, "ಏನ್ ಬೇಕಾಗಿತ್ರಿ ಸಾಹೇಬ್ರ?" ಎಂದರು.

ಏನಿಲ್ಲ ಎಂದೆ. ಹೊಸ ಬೂಟು ಹಾಕಿಕೊಂಡು ನೋಡಿದೆ. ಬೂಟಿನಲ್ಲಿ ಅದು ಅಷ್ಟಾಗಿ ತಿಳಿಯುವುದಿಲ್ಲ.